ಏರಿಸಬಾರದ ನಶ್ಯ

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದೂ ಒಂದು ವಿದ್ಯೆ. ತಟ್ಟೆಯ ಮೇಲೆ ತಟ್ಟೆ ಇಡುವಾಗ ನಡುವೆ ಬೆರಳು ಕೊಟ್ಟು, ಆಮೇಲೆ ಮೆಲ್ಲಗೆ ಬೆರಳು ಬಿಡಿಸಿಕೊಳ್ಳಬೇಕು, ಆಗ ಸದ್ದಾಗುವುದಿಲ್ಲ. ಲೋಟಗಳನ್ನು ಟವೆಲ್ ಮೇಲೆ ಬೋರಲು ಹಾಕಬೇಕು. ಕುಕ್ಕರ್ ಇಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಒಳಗಿನ ಕೋಣೆಯಲ್ಲಿ ಅಮ್ಮ ಕಿಟಕಿಗೆ ಕಂಬಳಿ ಇಳಿಬಿಟ್ಟು, ಹಣೆಗೆ ಒಣಶುಂಠಿ ತೇಯ್ದು ಪಟ್ಟು ಹಾಕಿ, ಹಳೇ ಪಂಚೆಯ ಚೂರಿನಿಂದ ತಲೆ ಬಿಗಿದು ಕಟ್ಟಿಕೊಂಡು ಮಲಗಿದ್ದಾಳೆ ಅಂದರೆ, ಹೊರಗೆ ನಾನೂ ಅಪ್ಪನೂ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದೆವು. ಸಿಟಿ ಬಸ್ಸಿನ ಕಂಡಕ್ಟರಾಗಿ ಹಗಲೆಲ್ಲ ಕೂಗಿ ಕೂಗಿ ಬರುತ್ತಿದ್ದ ಅಪ್ಪ ಹೊಸ್ತಿಲು ದಾಟುತ್ತಲೇ ಪಿಸುಮಾತಿಗೆ ಇಳಿಯುತ್ತಿದ್ದರು. ಬೆರಳು ಎತ್ತಿದರೆ ಇನ್ನೊಂದು ಮುದ್ದೆ, ಹೊಟ್ಟೆ ಸವರಿದರೆ ಸಾಕು ಅಂತ ಅರ್ಥ.

ಡಾಕ್ಟರುಗಳು ಅದಕ್ಕೆ ಮೈಗ್ರೇನ್ ಅನ್ನುತ್ತಾರೆ. ಪುಸ್ತಕದಲ್ಲಿ ಅರೆತಲೆನೋವು ಅಂತ ಇದೆ. ನಂಜನಗೂಡಿನ ಕಡೆಯ ಹಳ್ಳಿಯಲ್ಲಿರುವ ಅಮ್ಮನ ತವರಿನವರು ಅರೆತಲೆಸೂಲೆ ಅನ್ನುತ್ತಾರೆ. ಅಮ್ಮ ಮಾತ್ರ ಅದರ ಹೆಸರೆತ್ತುತ್ತಿರಲಿಲ್ಲ. "ಅದು ಬಂತು" ಅನ್ನುತ್ತಿದ್ದಳು, ಅಷ್ಟೇ. ಕರೆಯದೇ ಬರುವವರನ್ನು ಹೆಸರು ಹಿಡಿದು ಬೇರೆ ಕರೆಯಬೇಕಾ ಅನ್ನುವುದು ಅವಳ ವಾದ. ಅದು ಬರುವ ಮುಂಚೆ ಅವಳಿಗೆ ಆಕಳಿಕೆಯ ಮೇಲೆ ಆಕಳಿಕೆ ಬರುತ್ತಿತ್ತು, ಎಡಗಣ್ಣು ಚಿಕ್ಕದಾಗುತ್ತಿತ್ತು, ಕಣ್ಣೆದುರು ಮಿಣಮಿಣ ಗೆರೆ ಓಡುತ್ತಿತ್ತು. ಹೊಲಿಗೆ ಮಿಷಿನ್ನಿನ ಮುಂದೆ ಕೂತು ಬೀದಿಯವರ ಬ್ಲೌಸುಗಳನ್ನೆಲ್ಲ ಹೊಲಿಯುತ್ತ, ಅಳತೆ ಕೊಡಲು ಬಂದವರ ಮನೆತನವನ್ನೆಲ್ಲ ವಿಚಾರಿಸಿಕೊಳ್ಳುವ ಮಾತುಗಾತಿ ಅವಳು. ಅಂಥವಳು ಮಾತಿನ ನಡುವೆ ಸುಮ್ಮನಾದಳೆಂದರೆ ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಇರಲಿ, ಇದು ಮೂಗಿನ ಕಥೆಯೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ಮದುವೆಯಾಗಿ ನಾನು ಶ್ರೀರಾಂಪುರದಿಂದ ಒಂಟಿಕೊಪ್ಪಲಿಗೆ ಹೋದೆ. ಮೈಸೂರಿನ ಈ ತುದಿಯಿಂದ ಆ ತುದಿ. ಆದರೂ ಒಂದೇ ಊರು. ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಮನಸ್ಸಾದಾಗ ತವರಿನ ಬಸ್ಸು ಹತ್ತುತ್ತಿದ್ದೆ. ಬಸುರಿಯಾದ ಮೇಲೆ ಏಳನೇ ತಿಂಗಳಲ್ಲಿ ಅತ್ತೆ ಸೀಮಂತ ಮಾಡಿದರು. ಚೊಚ್ಚಲು ಹೆರಿಗೆ, ಅದರ ಬಾಣಂತನ ತವರಿನಲ್ಲೇ ಆಗಬೇಕು. ಅದು ನಮ್ಮಲ್ಲಿ ಕೇಳುವ ಹೇಳುವ ಮಾತೇ ಅಲ್ಲ. ಮಗಳನ್ನು ಯಾವತ್ತು ಕರೆದುಕೊಂಡು ಹೋಗುತ್ತೀರಿ ಎಂದು ಬಂದ ಹೆಂಗಸರೆಲ್ಲ ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಊಟದ ಎಲೆ ಒರೆಸುವುದರಲ್ಲಿ ಮುಳುಗಿಹೋಗಿದ್ದಳು. ಒರೆಸಿದ ಎಲೆಯನ್ನೇ ಮತ್ತೆ ಒರೆಸುತ್ತಿದ್ದಳು.

ಕೊನೆಗೆ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡಳು. "ಅಕ್ಕಾವ್ರೇ, ತಪ್ಪು ತಿಳ್ಕೋಬೇಡಿ. ಇವಳ ಬಾಣಂತನ ನೀವೇ ಮಾಡ್ಬುಡಿ. ನನ್ ಕೈಲಿ ಆಗಲ್ಲ."

ಬೀಗಿತ್ತಿಯ ಮುಂದೆ ಹೀಗೆ ಕೈ ಚೆಲ್ಲುವುದು ಅಂದರೆ ಸಣ್ಣ ಮಾತಲ್ಲ. ಅತ್ತೆಯ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಆ ಒಂದು ಮಾತು ಸಂಜೆಯೊಳಗೆ ಊರು ಸುತ್ತಿ ಬರುತ್ತಿತ್ತು. ಅವರು ಅದಕ್ಕೇನಂತೆ, ನನಗೂ ಮಗಳೇ ತಾನೆ ಎಂದು ಹೇಳಿ ಪಾಯಸದ ಪಾತ್ರೆ ಎತ್ತಿಕೊಂಡು ಆಚೆಗೆ ನಡೆದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೈತುಂಬ ಹಸಿರು ಬಳೆ ತೊಟ್ಟು, ಮುಡಿತುಂಬ ಹೂ ಮುಡಿದುಕೊಂಡು ಸಿಟ್ಟು ಮಾಡುವುದು ಕಷ್ಟ. ಆದರೂ ಮಾಡಿದೆ.

ಮಾರನೇ ದಿನವೇ ಶ್ರೀರಾಂಪುರಕ್ಕೆ ಹೋಗಿ ಅವಳ ಮಿಷಿನ್ನಿನ ಎದುರು ಕೂತೆ. ಬೇರೆಯವರ ಮನೆಯಲ್ಲಿ ಹೀಗಾಗಿದ್ದರೆ ನೀನೇ ಮೊದಲು ಮೂಗು ಮುರಿಯುತ್ತಿದ್ದೆ ಎಂದೆ. ಅಮ್ಮ ಜಗಳಕ್ಕೆ ಬರಲಿಲ್ಲ. ಸೂಜಿಗೆ ದಾರ ಪೋಣಿಸುತ್ತ ಕಾರಣ ಹೇಳಿದಳು. ನಾನು ಹುಟ್ಟುವ ಹೊತ್ತಿಗೆ ಅವಳ ತಾಯಿ ತೀರಿಕೊಂಡಿದ್ದರು, ಬಾಣಂತನಕ್ಕೆ ಅಂತ ಯಾರೂ ಇರಲಿಲ್ಲ. ಹೆತ್ತ ಮೇಲೆ ಅದು ಬರುವುದು ಮುಂಚಿಗಿಂತ ಹೆಚ್ಚಾಯಿತಂತೆ. ಸಾಮ್ರಾಣಿ ಹೊಗೆ, ಬೆಳ್ಳುಳ್ಳಿ ವಾಸನೆ, ಅದರ ಜೊತೆಗೆ ನನ್ನ ಅಳು. ನಾನು ಬಾಯಿ ತೆಗೆದರೆ ಅವಳ ತಲೆಯೊಳಗೆ ಸೌದೆ ಸೀಳಿದ ಹಾಗೆ ಆಗುತ್ತಿತ್ತಂತೆ. ಎದುರುಮನೆಯ ಹೆಂಗಸು, ಪುಣ್ಯಾತ್ಗಿತ್ತಿ, ನನ್ನನ್ನು ಎತ್ತಿಕೊಂಡು ತನ್ನ ಮನೆಗೆ ಹೋಗಿಬಿಡುತ್ತಿದ್ದಳಂತೆ. ಹಾಲು ಕುಡಿಸುವ ಹೊತ್ತಿಗೆ ತರುವುದು, ಮತ್ತೆ ಒಯ್ಯುವುದು. ಅಲ್ಲಿ ನಾನು ಅತ್ತರೆ ಬೀದಿ ದಾಟಿ ಸಣ್ಣಗೆ ಕೇಳುತ್ತಿತ್ತಂತೆ, ಅಮ್ಮ ಕಿವಿಯ ಮೇಲೆ ದಿಂಬು ಒತ್ತಿಕೊಂಡು ಮಲಗಿರುತ್ತಿದ್ದಳಂತೆ.

"ಅಳೋ ಕೂಸ್ನ ಆಚೆ ಕಳ್ಸ್ದೋಳು ಕಣ್ ಮಗ ನಾನು," ಎಂದಳು. "ಈಗ ನಿನ್ ಕೂಸ್ನೂ ಕಳ್ಸ್ಲಾ?"

ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ನನ್ನನ್ನು ಸಾಕಿದ ಎದುರುಮನೆಯವರ ವಿಷಯ ಮನೆಯಲ್ಲಿ ಎಷ್ಟೋ ಸಲ ಬಂದಿತ್ತು. ಅದು ಅಮ್ಮನಿಗೆ ಹೀಗೆ ಮುಳ್ಳಾಗಿ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಮಗು ಅಳುವಾಗ ಅವಳು ಅದರ ಜೊತೆ ಒಂದೇ ಕೋಣೆಯಲ್ಲಿ ಇರಬಲ್ಲಳೇ, ಈಗ ಇಷ್ಟೇ ಪ್ರಶ್ನೆ. ನನಗಂತೂ ಅವಳೇ ಬೇಕಿತ್ತು. ಅತ್ತೆ ಎಷ್ಟೇ ಒಳ್ಳೆಯವರಾದರೂ, ಹೆರಿಗೆಯ ನೋವು ತಿಂದು ಎದ್ದ ಮೇಲೆ ನನ್ನ ನೆತ್ತಿಗೆ ಎಣ್ಣೆ ಒತ್ತುವ ಕೈ ಅಮ್ಮನದೇ ಆಗಿರಬೇಕು ಅಂತ ಹಟ.

ಹಾಗಾಗಿ ಅವಳನ್ನು ನರರೋಗದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ತುಂಬು ಬಸುರಿಯನ್ನು ಕಂಡ ನರ್ಸಮ್ಮ ನನ್ನನ್ನೇ ಪೇಷೆಂಟು ಅಂದುಕೊಂಡು ಕುರ್ಚಿ ತಂದು ಹಾಕಿದರು. ಅಮ್ಮ ಸಂತೋಷವಾಗಿ ನನ್ನ ಹಿಂದೆ ಅಡಗಿದಳು. ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದ ಅಪ್ಪ ಅವಳನ್ನು ಮುಂದಕ್ಕೆ ತಳ್ಳಬೇಕಾಯಿತು.

ಅಷ್ಟು ವರ್ಷ ಅಮ್ಮ ಮಾತ್ರೆ ನುಂಗಿರಲಿಲ್ಲ ಅಂತಲ್ಲ. ನುಂಗುತ್ತಿದ್ದಳು, ಕಕ್ಕುತ್ತಿದ್ದಳು. ಕೆಲವು ಸಲ ನುಂಗಿದ ಮಾತ್ರೆ ಇಡಿಯಾಗಿ ಹಾಗೇ ಆಚೆ ಬರುತ್ತಿತ್ತು. ತನ್ನ ಹೊಟ್ಟೆಗೇ ಕೊಬ್ಬು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಡಾಕ್ಟರಮ್ಮ ಅದಕ್ಕೆ ನಗದೆ, ಹೊಟ್ಟೆಯ ತಪ್ಪಲ್ಲ ಎಂದು ವಿವರಿಸಿದರು. ಈ ತಲೆನೋವು ಶುರುವಾದರೆ ಹೊಟ್ಟೆಯೂ ಬಾಗಿಲು ಹಾಕಿಕೊಂಡು ಕೂತುಬಿಡುತ್ತದಂತೆ. ಮಾತ್ರೆ ಕರಗಿ ಮುಂದಕ್ಕೆ ಹೋಗುವುದು ತಡ, ಅಷ್ಟರಲ್ಲಿ ವಾಂತಿ. ಔಷಧಿ ಸರಿಯಿದ್ದರೂ ಅದು ಹೋಗುವ ದಾರಿ ಸರಿಯಿಲ್ಲ. ಈಗ ಬೇರೆ ದಾರಿಗಳು ಬಂದಿವೆ ಎಂದರು. ನಾಲಿಗೆಯ ಮೇಲೆ ಇಟ್ಟರೆ ನೀರಿಲ್ಲದೆ ಕರಗುವ ಮಾತ್ರೆ ಇದೆ, ಆದರೆ ಕರಗಿದ್ದೂ ಕೊನೆಗೆ ಹೊಟ್ಟೆಗೇ ಇಳಿಯಬೇಕು. ನೋವು ಬರದ ಹಾಗೆ ತಡೆಯಲು ತಿಂಗಳಿಗೊಮ್ಮೆ ಚುಚ್ಚಿಕೊಳ್ಳುವ ಪೆನ್ ಇದೆ. ಬಂದ ನೋವಿಗೆ ಮೂಗಿನ ಸ್ಪ್ರೇ ಇದೆ. ಅದು ಹೊಟ್ಟೆಯ ಗೊಡವೆಗೆ ಹೋಗದೆ ಮೂಗಿನ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ.

ಪೆನ್ ಅಂದಿದ್ದಕ್ಕೆ ಅಮ್ಮ, ನನಗೆ ಬರೆಯೋದು ಅಷ್ಟಾಗಿ ಬರಲ್ಲ ಮೇಡಂ ಎಂದಳು. ಅದನ್ನು ಫ್ರಿಜ್ಜಿನಲ್ಲಿಟ್ಟು ತೊಡೆಗೆ ತಾನೇ ಚುಚ್ಚಿಕೊಳ್ಳಬೇಕು ಅಂತ ಗೊತ್ತಾದ ಮೇಲೆ ಸೆರಗು ಹೊದ್ದುಕೊಂಡು ಹಿಂದಕ್ಕೆ ಸರಿದು ಕೂತಳು. ದಿನವಿಡೀ ಸೂಜಿ ಹಿಡಿದು ಬದುಕುವವಳಿಗೆ ಸೂಜಿಯ ಭಯ. ಮೂಗಿಂದೇ ಕೊಡಿ ಎಂದಳು. ಹೃದಯದ ತೊಂದರೆ ಇರುವವರಿಗೆ ಈ ಔಷಧಿ ಕೊಡುವಂತಿಲ್ಲ ಎಂದು ಡಾಕ್ಟರಮ್ಮ ಬಿಪಿ ನೋಡಿ, ಇಸಿಜಿ ಮಾಡಿಸಿ, ಎಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು ಚೀಟಿ ಬರೆದರು. ಆಚೆ ಕಾಯುವವರು ಬಹಳ ಜನ ಇದ್ದರು. ಏಳುವ ಹೊತ್ತಿಗೆ, ನೋವು ಶುರುವಾದ ಕೂಡಲೇ ಮೂಗಿಗೆ ಏರಿಸ್ಕೊಳಿ ಎಂದು ಒಂದು ಮಾತು ಹೇಳಿದರು.

ಆ ಒಂದು ಮಾತೇ ನಮ್ಮನ್ನು ಕೆಡಿಸಿದ್ದು.

ನಮ್ಮ ಮನೆತನದಲ್ಲಿ ಮೂಗಿಗೆ ಏರಿಸುವುದು ಅಂದರೆ ಒಂದೇ ಅರ್ಥ. ಅಮ್ಮನ ಅಪ್ಪ, ಅಂದರೆ ನನ್ನ ತಾತ, ನಶ್ಯ ಏರಿಸುತ್ತಿದ್ದವರು. ಪಂಚೆಯ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ಅದರ ತಲೆಯ ಮೇಲೆ ಎರಡು ಸಲ ತಟ್ಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಹಿಡಿದು, ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಸೊರ್ರ್ ಅಂತ ಎಳೆಯುತ್ತಿದ್ದರು. ಆ ಸದ್ದಿಗೆ ಜಗಲಿಯ ಕೆಳಗೆ ಮಲಗಿದ ನಾಯಿ ಎದ್ದು ಜಾಗ ಬದಲಾಯಿಸುತ್ತಿತ್ತು. ಎಳೆತ ಜೋರಾದಷ್ಟೂ ನಶ್ಯಕ್ಕೆ ಮರ್ಯಾದೆ. ಅರ್ಧಂಬರ್ಧ ಎಳೆದು ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ತಾತನಿಗೆ ತಾತ್ಸಾರ. ಅಮ್ಮ ಹುಟ್ಟಿದಾಗಿನಿಂದ ನೋಡಿದ ಏರಿಸುವಿಕೆ ಇದು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು, ಅಂದ್ರೆ ನಶ್ಯ ಏರಿಸ್ದಂಗೆ ತಾನೆ ಎಂದು ಅಪ್ಪನನ್ನು ಕೇಳಿದಳು. ಹೆಂಡತಿ ಕೇಳಿದ್ದಕ್ಕೆಲ್ಲ ಹೂಂ ಅಂದರೆ ಸಂಸಾರ ಸುಗಮ ಎಂದು ನಂಬಿರುವ ಅಪ್ಪ ಹೂಂ ಅಂದರು. ನಾನು ಕಿಟಕಿಯ ಪಕ್ಕ ಕೂತು ನಿದ್ದೆ ಹೋಗಿದ್ದೆ.

ಮೊದಲ ಸಲ ಅದನ್ನು ಏರಿಸಿದಾಗ ನಾನು ಒಂಟಿಕೊಪ್ಪಲಿನಲ್ಲಿದ್ದೆ. ಎರಡು ದಿನ ಬಿಟ್ಟು ಅಮ್ಮ ಫೋನು ಮಾಡಿ ವರದಿ ಒಪ್ಪಿಸಿದಳು. ಗಂಟಲೆಲ್ಲ ಬೇವಿನ ಕಷಾಯ ಕುಡಿದಷ್ಟು ಕಹಿ, ಆಮೇಲೆ ವಾಂತಿ, ಆಮೇಲೆ ಎಂದಿನ ಹಾಗೆ ಕತ್ತಲೆ ಕೋಣೆ. ಹಳೇ ಕಲ್ಲು ಹೊಸ ಬಿಲ್ಲು ಎಂದಳು. ಹಳ್ಳಿಯಲ್ಲಿ ತುಂಬೆ ಸೊಪ್ಪಿನ ರಸ ಹಿಂಡಿ ಮೂಗಿಗೆ ಬಿಡುತ್ತಿದ್ದರು, ನಿಮ್ಮ ಡಾಕ್ಟರಮ್ಮನ ನಶ್ಯಕ್ಕಿಂತ ಅದೇ ವಾಸಿ ಎಂದೂ ಸೇರಿಸಿದಳು. ನನಗೆ ಡಾಕ್ಟರಮ್ಮನ ಮೇಲೆ ಕೋಪ ಬಂತು, ಔಷಧಿಯ ಮೇಲೆ ಕೋಪ ಬಂತು. ಇನ್ನೂ ಹುಟ್ಟದ ಮಗುವಿನ ಮೇಲೂ ಬಂತು, ಒದೆಯುತ್ತಿತ್ತಲ್ಲ.

ಎರಡನೇ ಸಲ ನಾನು ಅಲ್ಲೇ ಇದ್ದೆ. ಎಂಟನೇ ತಿಂಗಳು, ಒಂದು ಭಾನುವಾರ. ಅಮ್ಮನಿಗೆ ಆಕಳಿಕೆ ಶುರುವಾಯಿತು, ಎಡಗಣ್ಣು ಕಿರಿದಾಯಿತು. ನಾನೇ ಸ್ಪ್ರೇ ತಂದುಕೊಟ್ಟೆ. ಗೋಡೆಗೆ ಒರಗಿ ಕೂತಳು. ಅದನ್ನು ಕೈಗೆ ತೆಗೆದುಕೊಂಡು, ಅದರ ತಲೆಯ ಮೇಲೆ ಎರಡು ಸಲ ತಟ್ಟಿದಳು. ತಟ್ಟುವುದಕ್ಕೆ ಅಲ್ಲೇನೂ ಇರಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿದಳು, ಕಣ್ಣು ಮುಚ್ಚಿದಳು, ಒತ್ತಿದಳು, ಸೊರ್ರ್ ಅಂತ ಎಳೆದಳು. ಎಳೆದ ರಭಸಕ್ಕೆ ಮೂಗುತಿ ಅಲ್ಲಾಡಿತು. ಕೊನೆಗೆ ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡು 'ಹಾ' ಅಂದಳು. ತಾತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆವತ್ತು ಅವರು ನಮ್ಮ ನಡುಮನೆಯಲ್ಲಿ ನೈಟಿ ತೊಟ್ಟು ಕೂತಿದ್ದರು.

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು, ಹಿಡಿಯುವಷ್ಟು ಹೊಟ್ಟೆ ಬೇರೆ ಇತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತಲೆನೋವಿನ ಹೊತ್ತಿನಲ್ಲಿ ನಗುವುದು ನಮ್ಮ ಮನೆಯಲ್ಲಿ ಮಹಾಪರಾಧ. ಅಪ್ಪ ಗಾಬರಿಯಿಂದ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದರು. ಅಮ್ಮ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. ಆ ನೋಟದಲ್ಲಿ ನನ್ನ ಓದು, ಕೆಲಸ, ಬಸುರು ಎಲ್ಲಕ್ಕೂ ಶಾಪವಿತ್ತು. ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಯಿತು, ವಾಂತಿಯಾಯಿತು, ಕೋಣೆಯ ಬಾಗಿಲು ಮುಚ್ಚಿತು. ಆಮೇಲೆ ನೋವು ಬಿಟ್ಟು ಎದ್ದ ಮೇಲೂ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಾತು ಬಿಟ್ಟಿರುವುದನ್ನು ಅಪ್ಪನ ಮೂಲಕ ಗಂಟೆಗೊಂದು ಸಲ ನನಗೆ ತಿಳಿಸುತ್ತಲೂ ಇದ್ದಳು.

ಸೋಮವಾರ ಡಾಕ್ಟರಮ್ಮನಿಗೆ ಫೋನು ಮಾಡಿ ನಶ್ಯದ ಕಥೆ ಹೇಳಿದೆ. ಅವರೂ ನಕ್ಕರು, ಏರಿಸ್ಕೊಳಿ ಅಂದಿದ್ದು ನಾನೇ ಅಲ್ಲವಾ ಎಂದು ಪೇಚಾಡಿಕೊಂಡರು, ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಜೋರಾಗಿ ಎಳೆಯಲೇಬಾರದು. ಎಳೆದರೆ ಔಷಧಿ ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ, ಅಲ್ಲಿ ಮತ್ತೆ ಅದೇ ಮುಚ್ಚಿದ ಬಾಗಿಲು. ಮೊದಲೇ ಮೂಗು ಸೀದಿಕೊಂಡು ಶುಚಿ ಮಾಡಿಕೊಳ್ಳಬೇಕು. ತಲೆ ನೆಟ್ಟಗಿರಬೇಕು. ಒತ್ತಿದ ಮೇಲೆ ಮೆಲ್ಲಗೆ ಉಸಿರಾಡುತ್ತ ಸುಮ್ಮನೆ ಕೂರಬೇಕು. ಉಳಿದಿದ್ದನ್ನು ಮೂಗು ತಾನೇ ನೋಡಿಕೊಳ್ಳುತ್ತದೆ.

ಸುಮ್ಮನೆ ಕೂರುವುದು ಅಮ್ಮನ ಜಾತಕದಲ್ಲೇ ಇಲ್ಲ. ಖಾಲಿಯಾದ ಸ್ಪ್ರೇ ಹಿಡಿಸಿ ಅಭ್ಯಾಸ ಮಾಡಿಸಿದೆವು. ಎದುರಿಗೆ ಕುರ್ಚಿ ಹಾಕಿಕೊಂಡು ಅಪ್ಪ ಪರೀಕ್ಷಕರಾದರು. ಕತ್ತು ನೆಟ್ಟಗೆ ಅಂದರೆ ನೆಟ್ಟಗಿಡುತ್ತಿದ್ದಳು. ಒತ್ತಿದ ತಕ್ಷಣ ಮೂಗು ತಾನೇ ಸೊರ್ರ್ ಅನ್ನುತ್ತಿತ್ತು. ಎಳೀಬೇಡ ಅಂದರೆ, ನಾನೆಲ್ಲಿ ಎಳ್ದೆ, ಅದೇ ಎಳ್ಕೊಂಡ್ಬುಡ್ತು ಅನ್ನುತ್ತಿದ್ದಳು. ಅಪ್ಪ ಪದೇ ಪದೇ ಫೇಲ್ ಮಾಡಿದರು. ನಾನು ರೇಗಿದೆ. ಅವಳೂ ರೇಗಿ, ಸ್ಪ್ರೇಯನ್ನು ಮೂಗಿನಲ್ಲಿ ಇಟ್ಟುಕೊಂಡೇ ನನ್ನನ್ನು ಬೈಯತೊಡಗಿದಳು. ಬೈಯುತ್ತ ಬೈಯುತ್ತ ಒತ್ತಿದಳು. ಮೂಗು ತೆಪ್ಪಗಿತ್ತು. ಅಪ್ಪ ಕುರ್ಚಿಯಿಂದ ಎದ್ದು ನಿಂತು ಪಾಸು ಎಂದರು. ಮೂಗು ಹಿಡಿದರೆ ಬಾಯಿ ತಾನಾಗೇ ತೆರೆಯುತ್ತದೆ ಅನ್ನುವ ಗಾದೆಯನ್ನು ಅಮ್ಮ ತಿರುಗಿಸಿಬಿಟ್ಟಳು. ಬಾಯಿ ಆಡುತ್ತಿದ್ದರೆ ಮೂಗು ಸುಮ್ಮನಿರುತ್ತದೆ. ಅಂದಿನಿಂದ ಅವಳ ಪದ್ಧತಿ ಅದೇ ಆಯಿತು. ಸ್ಪ್ರೇ ಒತ್ತುವಾಗ ಯಾರಿಗಾದರೂ ಏನಾದರೂ ಹೇಳುತ್ತಿರಬೇಕು, ಯಾರೂ ಇಲ್ಲದಿದ್ದರೆ ಗೋಡೆಗೆ.

ಮುಂದಿನ ಸಲ ಅದು ಬಂದಾಗ ಅವಳು ಅವರೆಕಾಳು ಬಿಡಿಸುತ್ತಿದ್ದಳು. ಕೈ ತೊಳೆದು ಬಂದು, ನೆಟ್ಟಗೆ ಕೂತು, ಹಿತಕಿದ ಬೇಳೆಗೆ ನೆನೆಹಾಕುವ ನೀರಿನ ಬಗ್ಗೆ ಅಪ್ಪನಿಗೆ ಉಪದೇಶ ಮಾಡುತ್ತ ಒತ್ತಿಕೊಂಡಳು. ಕೋಣೆಗೆ ಹೋಗಿ ಮಲಗಿದಳು. ವಾಂತಿಯಾಗಲಿಲ್ಲ. ಹೊತ್ತು ಇಳಿಯುವ ಮೊದಲೇ ಎದ್ದು ಬಂದು ಕಾಫಿ ಕೇಳಿದಳು. ತಲೆಯೊಳಗೆ ಇನ್ನೂ ಇದೆ, ಆದರೆ ಪಕ್ಕದ ಮನೆಯಲ್ಲಿ ಇರುವ ಹಾಗಿದೆ ಎಂದಳು. ಅಪ್ಪನಿಗೆ ಏನು ಮಾಡಬೇಕೋ ತಿಳಿಯದೆ ಖುಷಿಗೆ ಕುಕ್ಕರ್ ಇಟ್ಟುಬಿಟ್ಟರು.

ಎಲ್ಲ ಸಲವೂ ಇಷ್ಟು ಚೆನ್ನಾಗಿ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತಡವಾಗಿ ಒತ್ತಿಕೊಂಡರೆ ನೋವು ಗೆದ್ದುಬಿಡುತ್ತಿತ್ತು. ಬೇಕಾದ ಹಾಗೆಲ್ಲ ಬಳಸಿದರೆ ಅದರಿಂದಲೇ ತಲೆನೋವು ಹೆಚ್ಚುತ್ತದೆ ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಬೇರೆ ಮಾಡಿದ್ದರು. ಬಾಣಂತನ ತಾನೇ ಮಾಡುತ್ತೇನೆ ಎಂದು ಅಮ್ಮ ಬಾಯಿಬಿಟ್ಟು ಒಪ್ಪಿಕೊಳ್ಳಲೂ ಇಲ್ಲ. ಬೀಗಿತ್ತಿಗೆ ಫೋನು ಮಾಡಿ, ನೋಡುವಾ ಅಕ್ಕಾವ್ರೇ ಎಂದಳು. ಅತ್ತೆ ಬುದ್ಧಿವಂತೆ. ನೀವು ಶುರು ಮಾಡಿ, ಆಗದಿದ್ದರೆ ಒಂದು ಫೋನು ಮಾಡಿ, ಬಂದು ತಾಯಿ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ, ಕೊಬ್ಬರಿ, ಉತ್ತುತ್ತೆ, ಅಂಟು ಎಲ್ಲ ಕಟ್ಟಿ ಕಳಿಸಿದರು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಶ್ರೀರಾಂಪುರದ ಮನೆಗೇ ಬಂದೆವು. ಅಮ್ಮನ ಬಾಣಂತನಕ್ಕೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಸಾಮ್ರಾಣಿ ಹೊಗೆ ಇಲ್ಲ. ಮಕ್ಕಳ ಡಾಕ್ಟರೂ ಬೇಡ ಎಂದಿದ್ದರಿಂದ ಆ ವಿಷಯ ಸಲೀಸಾಗಿ ಮುಗಿಯಿತು. ಬೆಳ್ಳುಳ್ಳಿ ಹುರಿಯುವ ಕೆಲಸ ಅಪ್ಪನದು, ಮಹಡಿಯ ಮೇಲೆ, ಸಣ್ಣ ಸ್ಟೋವಿನಲ್ಲಿ. ಬೀದಿಯವರೆಲ್ಲ ಕಂಡಕ್ಟರ್ ಸಾಹೇಬರ ಬಾಣಂತನ ಹೇಗೆ ನಡೀತಿದೆ ಎಂದು ಕೆಳಗಿನಿಂದ ಕೇಳುತ್ತಿದ್ದರು. ಅಮ್ಮ ನನ್ನ ನೆತ್ತಿಗೆ ಎಣ್ಣೆ ಒತ್ತಿ, ಬಿಸಿಬಿಸಿ ನೀರು ಹುಯ್ದು, ಸೊಂಟಕ್ಕೆ ಬಟ್ಟೆ ಬಿಗಿದು, ಮೆಣಸಿನ ಸಾರು ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಅಷ್ಟು ಸುಖ ನಾನು ಯಾವತ್ತೂ ಪಟ್ಟಿರಲಿಲ್ಲ.

ಆದರೆ ಮಗು ಮುಖ ಕಿವುಚಿದರೆ ಸಾಕು, ಅದನ್ನು ನನ್ನ ಮಡಿಲಿಗೆ ದಾಟಿಸುತ್ತಿದ್ದಳು. ನಗುವ ಮಗುವಿಗೆ ಅಜ್ಜಿ, ಮಲಗಿದ ಮಗುವಿಗೆ ಅಜ್ಜಿ. ಅಳುವ ಸೂಚನೆ ಕಂಡರೆ ಅವಳಿಗೆ ಒಲೆಯ ಮೇಲೆ ಏನೋ ನೆನಪಾಗುತ್ತಿತ್ತು. ಮೊದಲ ತಿಂಗಳು ಕೂಸೂ ನಮ್ಮ ಮರ್ಯಾದೆ ಉಳಿಸಿತು. ಕುಡಿಯುವುದು, ಮಲಗುವುದು, ಸಣ್ಣಗೆ ಕುಂಯ್‌ಗುಟ್ಟುವುದು, ಅಷ್ಟೇ. ನಾನೂ ಅಪ್ಪನೂ ಅದರ ತುಟಿ ನಡುಗುವುದನ್ನೇ ಕಾಯುತ್ತ ಕೂತಿರುತ್ತಿದ್ದೆವು.

ಎರಡನೇ ತಿಂಗಳಲ್ಲಿ ಹೊಟ್ಟೆನುಲಿತ ಶುರುವಾಯಿತು. ಒಂದು ದಿನ ಮಧ್ಯಾಹ್ನ ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಯಾವತ್ತೂ ಒಂದಲ್ಲ ಒಂದು ಮನೆ ಏಳುತ್ತಲೇ ಇರುತ್ತದೆ. ಅಪ್ಪ ಡ್ಯೂಟಿಯಲ್ಲಿದ್ದರು. ಮಗುವಿನ ಬಟ್ಟೆ ಮಡಿಸುತ್ತ ಎದುರುಬೀದಿಯ ಮದುವೆಯ ವಿಷಯ ಹೇಳುತ್ತಿದ್ದ ಅಮ್ಮ ಆಕಳಿಸಿದಳು. ಮತ್ತೆ ಆಕಳಿಸಿದಳು. ಮದುಮಗಳ ಸೀರೆಯ ಬಣ್ಣ ಹೇಳುವ ಮೊದಲೇ ಮಾತು ನಿಂತಿತು. ಅದೇ ಹೊತ್ತಿಗೆ ತೊಟ್ಟಿಲಲ್ಲಿ ಮಗು ಎಚ್ಚರವಾಗಿ, ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಕಿರುಚತೊಡಗಿತು.

ನಾನು ಮಗುವನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಓಡಿದೆ. ಬಾಗಿಲು ಹಾಕಿ, ಸದ್ದು ಹೋಗದಿರಲಿ ಅಂತ ಕೆಳಗಿನ ಸಂದಿಗೆ ಟವೆಲ್ ತುರುಕಿದೆ. ಹೋಗುವಾಗ ಅಮ್ಮ ಮೂಗಿಗೆ ಸ್ಪ್ರೇ ಹಿಡಿದು ನೆಟ್ಟಗೆ ಕೂತಿದ್ದು ಕಂಡಿತು. ಆ ಹಳದಿ ಕುಲಾವಿ ಎಲ್ಲೋಯ್ತು, ನೆನ್ನೆ ಇಲ್ಲೇ ಇತ್ತಲ್ಲ ಎಂದು ಗೋಡೆಯನ್ನು ವಿಚಾರಿಸುತ್ತಿದ್ದಳು.

ಒಳಗೆ ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡೆ, ಬೆನ್ನು ತಟ್ಟಿದೆ, ಬೋರಲು ಮಲಗಿಸಿಕೊಂಡೆ. ಯಾವುದಕ್ಕೂ ಜಗ್ಗಲಿಲ್ಲ. ಅಳು ಕಡಿಮೆ ಕೇಳಲಿ ಅಂತ ಅದರ ಮುಖವನ್ನು ನನ್ನ ಎದೆಗೆ ಒತ್ತಿಕೊಂಡೆ. ಅದು ಇನ್ನೂ ಜೋರಾಗಿ ಅತ್ತಿತು. ಅತ್ತೆಗೆ ಫೋನು ಮಾಡಿ ಬಂದು ಕರೆದುಕೊಂಡು ಹೋಗಿ ಅನ್ನೋಣ ಅಂದರೆ ಫೋನು ನಡುಮನೆಯಲ್ಲೇ ಉಳಿದಿತ್ತು. ನನಗೂ ಅಳು ಬಂತು. ಹಸುಗೂಸು ಅಳುವುದಕ್ಕೂ ಈ ಮನೆಯಲ್ಲಿ ಜಾಗವಿಲ್ಲವಲ್ಲ ಎಂದು ಸಿಟ್ಟೂ ಬಂತು. ಅಮ್ಮನ ಮೇಲಲ್ಲ, ಅವಳ ತಲೆಯೊಳಗೆ ಬಂದು ಕೂರುವ ಅದರ ಮೇಲೆ.

ಎಷ್ಟು ಹೊತ್ತಾಯಿತೋ. ಟೈಲ್ಸಿನ ಮಿಷಿನ್ನು ನಿಂತು, ಮತ್ತೆ ಶುರುವಾಗಿತ್ತು. ಹೊರಗಿನಿಂದ ಯಾರೋ ಬಾಗಿಲು ತಳ್ಳಿದ ಹಾಗಾಯಿತು. ಟವೆಲ್ ಅಡ್ಡ ಸಿಕ್ಕಿ ತೆರೆಯಲಿಲ್ಲ. ಅಮ್ಮ ಭುಜ ಕೊಟ್ಟು ತಳ್ಳಿಕೊಂಡು ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು, ಎಡಗಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ.

"ಕೊಡು ಇಲ್ಲಿ," ಎಂದಳು.

ಇನ್ನೂ ಅಳುತ್ತಿದೆ, ನೀನು ಹೋಗಿ ಮಲಗು ಎಂದೆ.

"ಅಳ್ಲಿ ಬುಡು. ಕೊಡು."

ಗೋಡೆಗೆ ಒರಗಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಹೊಟ್ಟೆಯ ಮೇಲೆ ಬೆಚ್ಚಗೆ ಅಂಗೈ ಇಟ್ಟಳು. ಮಗು ಅವಳ ಮುಖಕ್ಕೆ ನೇರವಾಗಿ ಕಿರುಚಿತು. ಅಮ್ಮ ಶ್ಶೂ ಅನ್ನಲಿಲ್ಲ, ಜೋಜೋ ಅನ್ನಲಿಲ್ಲ, ಕಾಲು ಆಡಿಸಲಿಲ್ಲ. ಬಗ್ಗಿ ನೋಡುತ್ತ ಕೂತಳು. ಅಳುವಿಗೆ ಮುಂಚೆ ಕೆಳತುಟಿ ಹೇಗೆ ಮಡಚಿಕೊಳ್ಳುತ್ತದೆ, ನಡುವೆ ಎಲ್ಲಿ ಉಸಿರು ಕಟ್ಟುತ್ತದೆ, ಮತ್ತೆ ಎಲ್ಲಿಂದ ಎತ್ತಿಕೊಳ್ಳುತ್ತದೆ ಎಲ್ಲವನ್ನೂ ನೋಡುತ್ತಿದ್ದಳು. ನಾನು ಅವಳ ಹಣೆಯನ್ನು ನೋಡುತ್ತಿದ್ದೆ. ನೋವಿದೆಯಾ ಎಂದು ಕೇಳಿದೆ. ಅದೆ, ಇರ್ಲಿ ಎಂದಳು.

ಸ್ವಲ್ಪ ಹೊತ್ತಿನ ಮೇಲೆ, ಮಗುವಿನ ಮುಖದಿಂದ ಕಣ್ಣು ತೆಗೆಯದೆ, ಅಳುವಿನ ನಡುವೆ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ನಿನ್ ಅಳು ನಂಗೆ ಬೀದಿ ಆಚೆಯಿಂದ್ಲೇ ಗೊತ್ತು ಕಣ್ ಮಗ. ಇಷ್ಟ್ ಹತ್ರಕ್ಕೆ ಎಂಗಿರುತ್ತೆ ಅಂತ ಈಗ್ ನೋಡ್ತಾ ಇವ್ನಿ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಗು ಆವತ್ತು ತುಂಬ ಹೊತ್ತು ಅತ್ತಿತು. ಅಮ್ಮ ಯಾರ ಕೈಗೂ ಕೊಡಲಿಲ್ಲ.